ಒಡೆಯನ ಮೆಚ್ಚು: ಆತಕೂರಿನ ಕಲ್ಲಿನಿಂದ ಕಲ್ಯಾಣದವರೆಗೆ



ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಪ್ರಾಚೀನ ಶಿಲೆಗಳಲ್ಲಿ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಒಂದು ಕಲ್ಲುಂಟು. ಶಾಸನಗಳ ಪರಿಚಯವಿಲ್ಲದವರು ಅದರ ಮುಂದೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಅಕ್ಷರಗಳಲ್ಲ. ಒಂದು ಬೇಟೆನಾಯಿಯೂ ಒಂದು ಕಾಡುಹಂದಿಯೂ ಒಂದರ ಮೇಲೊಂದು ಎರಗಿ ಹೋರಾಡುತ್ತಿರುವ ಚಿತ್ರ. ದೇವರಿಗಲ್ಲ, ಅರಸನಿಗಲ್ಲ, ವೀರನಿಗೂ ಅಲ್ಲ, ನಾಯಿಗೆ ನೆಟ್ಟ ಕಲ್ಲು ಇದು. ನಮ್ಮ ನಾಡಿನ ರಾಜಕೀಯ ಚರಿತ್ರೆಯನ್ನು ಬರೆದವರೆಲ್ಲರೂ ಈ ಕಲ್ಲನ್ನು ಆಧಾರವಾಗಿ ಬಳಸಿಕೊಂಡಿದ್ದಾರೆ. ದಕ್ಷಿಣ ಭಾರತದ ಒಂದು ಮಹಾಯುದ್ಧದ ಸುದ್ದಿ ಇದರಲ್ಲಿ ಇರುವುದೇ ಅದಕ್ಕೆ ಕಾರಣ. ಆದರೆ ಯುದ್ಧದ ಸಂಗತಿಗಿಂತಲೂ ಹೆಚ್ಚು ಬೆಲೆಯುಳ್ಳ ಬೇರೊಂದು ಸಂಗತಿ ಇದರಲ್ಲಿ ಅಡಗಿದೆಯೆಂಬುದು ನನ್ನ ನಂಬಿಕೆ. ತನ್ನ ಕೈಕೆಳಗೆ ದುಡಿದವನನ್ನು ಒಡೆಯನಾದವನು ಹೇಗೆ ಗುರುತಿಸಬೇಕು, ಹೇಗೆ ಗೌರವಿಸಬೇಕು ಎಂಬುದೇ ಆ ಸಂಗತಿ.

ನಿಮ್ಮಲ್ಲಿ ಅನೇಕರು ಶ್ರೀಮಠದ ಪ್ರಸಾದ ನಿಲಯಗಳಲ್ಲಿ ಉಂಡು, ಓದಿ, ಇಂದು ಮುಖ್ಯೋಪಾಧ್ಯಾಯರಾಗಿ, ಅಧಿಕಾರಿಗಳಾಗಿ, ಸಹಕಾರ ಸಂಘಗಳ ಅಧ್ಯಕ್ಷರಾಗಿ, ಅಂಗಡಿ ಕಾರ್ಖಾನೆಗಳ ಮಾಲೀಕರಾಗಿ ನಿಂತವರು. ಹತ್ತು ಮಂದಿಯೋ ನೂರು ಮಂದಿಯೋ ನಿಮ್ಮ ಮಾತಿನಂತೆ ನಡೆಯುವವರಿದ್ದಾರೆ. ಆದುದರಿಂದ ಸಾವಿರ ವರ್ಷಗಳ ಹಿಂದಿನ ಈ ನಾಯಿಯ ಕಥೆಯನ್ನು ಸ್ವಲ್ಪ ಸಾವಧಾನವಾಗಿ ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ಶಾಸನದ ಕಾಲ ಶಕವರ್ಷ 872ರ ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949-50. ಆಗ ಕನ್ನಡ ನಾಡಿನ ಚಕ್ರವರ್ತಿಯಾಗಿದ್ದವನು ರಾಷ್ಟ್ರಕೂಟರ ಮೂರನೆಯ ಕೃಷ್ಣ. ಗಂಗವಾಡಿಯನ್ನು ಆಳುತ್ತಿದ್ದ ಇಮ್ಮಡಿ ಬೂತುಗ ಅವನ ಸಾಮಂತನೂ ಹೌದು, ಅವನ ಅಕ್ಕ ರೇವಕನಿಮ್ಮಡಿಯ ಪತಿಯೂ ಹೌದು. ತಮಿಳುನಾಡಿನ ಅರಕ್ಕೋಣದ ಸಮೀಪದಲ್ಲಿರುವ ತಕ್ಕೋಲಮೆಂಬ ಊರಿನಲ್ಲಿ ಚೋಳರಿಗೂ ರಾಷ್ಟ್ರಕೂಟರಿಗೂ ಘೋರವಾದ ಕಾಳಗ ನಡೆಯಿತು. ಚೋಳ ದೊರೆ ಪರಾಂತಕನ ಮಗ ರಾಜಾದಿತ್ಯನು ಆನೆಯನ್ನೇರಿ ಬಂದಿದ್ದನು. ಬೂತುಗನು ಆ ಆನೆಯ ಅಂಬಾರಿಯ ಮೇಲೆಯೇ ಅವನನ್ನು ಇರಿದು ಕೊಂದನೆಂದು ಶಾಸನ ಹೇಳುತ್ತದೆ. ಯುದ್ಧದ ಗತಿ ಅಲ್ಲಿಗೆ ತಿರುಗಿತು. ಸಂತುಷ್ಟನಾದ ಕೃಷ್ಣನು ಬೂತುಗನಿಗೆ ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ಐದು ನಾಡುಗಳನ್ನು ಕೊಟ್ಟನು.

ದೊಡ್ಡವರು ದೊಡ್ಡವರಿಗೆ ಕೊಡುವುದು ಇತಿಹಾಸದಲ್ಲಿ ಹೊಸದೇನೂ ಅಲ್ಲ. ಶಾಸನ ಇಲ್ಲಿಗೇ ಮುಗಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಅದೇ ಯುದ್ಧದಲ್ಲಿ ಬೂತುಗನ ಪಕ್ಕದಲ್ಲಿ ನಿಂತು ಹೋರಾಡಿದವನೊಬ್ಬನಿದ್ದನು. ಅವನ ಹೆಸರು ಮಣಲೆರ, ಸಗರ ವಂಶದವನು, ಬೂತುಗನ ಆಳು. ಆಳು ಎಂಬ ಮಾತನ್ನು ಇಂದಿನ ಹೀನಾರ್ಥದಲ್ಲಿ ತೆಗೆದುಕೊಳ್ಳಬಾರದು. ನೆಚ್ಚಿನ ಯೋಧನೆಂದೇ ಅದರ ಭಾವ. ಅವನ ಪರಾಕ್ರಮವನ್ನು ಕಣ್ಣಾರೆ ಕಂಡ ಬೂತುಗನು ಮೆಚ್ಚಿದನು. ಮೆಚ್ಚಿ, ನಿನಗೇನು ಬೇಕೋ ಕೇಳಿಕೋ ಎಂದನು.

ವಾಚಕರೆ, ಇಲ್ಲಿ ಒಂದು ಕ್ಷಣ ನಿಲ್ಲಿರಿ. ಮೆಚ್ಚುಗೆಯನ್ನು ಹೇಗೆ ವ್ಯಕ್ತಪಡಿಸಬೇಕೆಂಬುದನ್ನು ಒಡೆಯನು ತಾನೇ ನಿರ್ಣಯಿಸಲಿಲ್ಲ. ತನ್ನ ಅಂತಸ್ತಿಗೆ ಒಪ್ಪುವ ಉಡುಗೊರೆ ಯಾವುದು, ನೋಡುವವರಿಗೆ ಯಾವುದು ಶೋಭಿಸೀತು ಎಂದು ಲೆಕ್ಕ ಹಾಕಲಿಲ್ಲ. ದುಡಿದವನನ್ನೇ ಕೇಳಿದನು. ಐದು ನಾಡುಗಳು ಕೈಸೇರಿದ್ದ ಹೊತ್ತು ಅದು. ಮಣಲೆರನು ಒಂದು ಊರನ್ನು ಕೇಳಬಹುದಾಗಿತ್ತು, ಹೊನ್ನನ್ನು ಕೇಳಬಹುದಾಗಿತ್ತು, ಕುದುರೆಗಳನ್ನು ಕೇಳಬಹುದಾಗಿತ್ತು. ಅವನು ಕೇಳಿದ್ದು ಬೂತುಗನ ಬಳಿಯಿದ್ದ ಕಾಳಿಯೆಂಬ ಬೇಟೆನಾಯಿಯನ್ನು. ಅದನ್ನು ದಯಪಾಲಿಸಬೇಕೆಂದು ಬೇಡಿ ಪಡೆದುಕೊಂಡನು.

ಈ ಬೇಡಿಕೆಯನ್ನು ಓದಿ ನಗುವವರಿದ್ದಾರೆ. ನನಗಂತೂ ನಗು ಬರುವುದಿಲ್ಲ. ನಾಡು, ಹೊನ್ನು ಬೊಕ್ಕಸದಿಂದ ಬರುತ್ತವೆ. ಯಾರಿಗಾದರೂ ಕೊಡಬಹುದು, ಎಷ್ಟು ಸಲವಾದರೂ ಕೊಡಬಹುದು. ಸಾಕಿದ ನಾಯಿಯಾದರೋ ಒಡೆಯನ ಮನೆಯ ಒಳಗಿನದು. ಅವನ ಕೈಯಿಂದ ತಿಂದದ್ದು, ಅವನೊಡನೆ ಕಾಡು ಸುತ್ತಿದ್ದು. ಅದು ಒಂದೇ ಇರುವುದು. ಮಣಲೆರನು ಬೂತುಗನ ಐಶ್ವರ್ಯದಲ್ಲಿ ಪಾಲು ಕೇಳಲಿಲ್ಲ, ಅವನ ಪ್ರೀತಿಯಲ್ಲಿ ಪಾಲು ಕೇಳಿದನು. ಬೂತುಗನು ಅದನ್ನು ಕೊಟ್ಟನು. ಕೊಟ್ಟ ಮಾತಿಗಾಗಿ ಕೊಟ್ಟನೋ ಸಂತೋಷದಿಂದಲೇ ಕೊಟ್ಟನೋ ಶಾಸನ ಹೇಳುವುದಿಲ್ಲ. ಕೊಟ್ಟನೆಂಬುದಷ್ಟೇ ನಿಶ್ಚಯ.

ಮುಂದಿನ ಕಥೆ ಚಿಕ್ಕದು. ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಹೋರಾಡಿ ಎರಡೂ ಜೊತೆಯಾಗಿ ಸತ್ತವು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಈ ಕಲ್ಲನ್ನು ನಿಲ್ಲಿಸಿದರು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದಕ್ಕೆ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ತಪಸ್ವಿಯು, ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಕಟ್ಟು ಮಾಡಿದರು.

ಇಷ್ಟೇ ಆಗಿದ್ದರೆ, ಆಳಿಗೆ ನಾಯಿಯೊಂದನ್ನು ಕೊಟ್ಟು ಕೈತೊಳೆದುಕೊಂಡ ಅರಸನೆಂದು ಬೂತುಗನನ್ನು ಯಾರಾದರೂ ಜರಿಯಬಹುದಾಗಿತ್ತು. ಅದೇ ಕಲ್ಲಿನಲ್ಲಿ ಮತ್ತೊಂದು ವಾಕ್ಯವಿದೆ. ಆತಕೂರು ಹನ್ನೆರಡನ್ನೂ ಬೆಳ್ವೊಲ ನಾಡಿನ ಒಂದು ಗ್ರಾಮವನ್ನೂ ಬೂತುಗನು ಮಣಲೆರನಿಗೆ ಬಾಳ್ಗಚ್ಚಾಗಿ ಕೊಟ್ಟನೆಂದು ಅದು ಹೇಳುತ್ತದೆ. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ಯುದ್ಧದಿಂದ ಮರಳಿದ ವೀರನ ಕತ್ತಿಯನ್ನು ತೊಳೆದು ಕೊಡುವ ಗೌರವದ ಭೂಮಿಗೆ ಆ ಕಾಲದಲ್ಲಿ ಈ ಹೆಸರಿತ್ತು. ಬೆಳ್ವೊಲ ನಾಡು ಕೃಷ್ಣನಿಂದ ಬೂತುಗನಿಗೆ ಬಂದದ್ದು. ಅದರಲ್ಲಿ ಒಂದು ಊರು ಮಣಲೆರನಿಗೆ ಇಳಿಯಿತು. ಚಕ್ರವರ್ತಿಯ ಮೆಚ್ಚು ಸಾಮಂತನಲ್ಲಿಯೇ ನಿಂತು ಬತ್ತಿಹೋಗಲಿಲ್ಲ. ಕೆರೆಯ ನೀರು ತೂಬಿನಿಂದ ಗದ್ದೆಗೆ ಹರಿಯುವಂತೆ ಅದು ಕೆಳಕ್ಕೆ ಹರಿಯಿತು. ನಾಯಿಯ ಪಾಲಿಗೂ ಎರಡು ಖಂಡುಗ ಬಂದಿತು!

ಆದುದರಿಂದ ಬೂತುಗನ ನಡವಳಿಕೆಯಲ್ಲಿ ನಾಯಿಯನ್ನೂ ಭೂಮಿಯನ್ನೂ ಬೇರ್ಪಡಿಸಿ ನೋಡಬಾರದು. ಮನಸ್ಸಿನ ಮೆಚ್ಚಿಗೆ ಒಂದು, ದುಡಿಮೆಯ ಋಣಕ್ಕೆ ಇನ್ನೊಂದು; ಎರಡೂ ಸಂದವು. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸಲಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಾಲದ ಸಂಸ್ಥೆಗಳಲ್ಲಿ ಶಾಲು, ಹಾರ, ಫಲತಾಂಬೂಲಗಳು ಧಾರಾಳವಾಗಿವೆ. ಒಂದು ವಿದ್ಯಾಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮೂವತ್ತು ವರ್ಷ ಅಡಿಗೆ ಮಾಡಿದ ಹಿರಿಯರೊಬ್ಬರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದ್ದನ್ನು ನಾನು ಕಂಡಿದ್ದೇನೆ. ನಿರೂಪಕರು ಅವರ ಹೆಸರನ್ನು ತಪ್ಪಾಗಿ ಓದಿದರು. ಆ ಹಿರಿಯರಿಗೆ ಮೂರು ತಿಂಗಳ ಸಂಬಳ ಬಾಕಿಯಿದ್ದುದು ಸಭೆಯಲ್ಲಿದ್ದ ಅರ್ಧ ಜನರಿಗೆ ಗೊತ್ತಿತ್ತು. ಚಪ್ಪಾಳೆ ಮಾತ್ರ ಜೋರಾಗಿಯೇ ಬಿತ್ತು. ಅಂಥ ಶಾಲಿಗಿಂತ ಮೌನವೇ ಲೇಸೆಂದು ಅಂದು ನನಗೆ ತೋರಿತು.

ಹಳಗನ್ನಡದಲ್ಲಿ ಮೆಚ್ಚು ಎಂಬ ಪದಕ್ಕೆ ಪ್ರೀತಿಯಿಂದ ಒಪ್ಪುವುದೆಂಬ ಅರ್ಥವೂ ಉಂಟು, ಒಪ್ಪಿ ಕೊಟ್ಟ ಬಹುಮಾನವೆಂಬ ಅರ್ಥವೂ ಉಂಟು. ಒಂದೇ ಪದದಲ್ಲಿ ಮನಸ್ಸೂ ವಸ್ತುವೂ ಕೂಡಿಕೊಂಡಿವೆ. ಇದಕ್ಕೆ ಎದುರಾಗಿ ಆಳಿನ ಕಡೆಯಿಂದ ಸಲ್ಲುವುದಕ್ಕೆ ಜೋಳವಾಳಿಯೆಂದು ಹೆಸರು. ಒಡೆಯನ ಜೋಳವನ್ನು ಉಂಡದ್ದಕ್ಕಾಗಿ ಅವನ ಕಾರ್ಯದಲ್ಲಿ ಪ್ರಾಣವನ್ನಾದರೂ ಕೊಡುವ ನಿಷ್ಠೆ ಅದು. ವೀರಗಲ್ಲುಗಳ ತುಂಬ ಜೋಳವಾಳಿಯ ಹೊಗಳಿಕೆಯೇ ಕಾಣುತ್ತದೆ. ಆಳು ಏನು ಕೊಡಬೇಕೆಂಬುದನ್ನು ನಾವೆಲ್ಲರೂ ಚೆನ್ನಾಗಿ ಬಲ್ಲೆವು. ಒಡೆಯನ ಪಾಲಿನ ಕರ್ತವ್ಯವೇ ಮರೆಯುವಂಥದು.

ಎಲ್ಲರೂ ಮರೆತವರಲ್ಲ. ಬೆಂಗಳೂರಿನ ಬಳಿಯ ಬೇಗೂರಿನಲ್ಲಿ ದೊರೆತ ಪ್ರಸಿದ್ಧವಾದ ವೀರಗಲ್ಲೊಂದು ಅದೇ ಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನು ನಾಗತ್ತರನೆಂಬ ನಾಯಕನನ್ನು ನೊಳಂಬ ಅಯ್ಯಪದೇವನ ನೆರವಿಗೆ ಸೈನ್ಯದೊಡನೆ ಕಳುಹಿಸಿದನು. ಬೀರಮಹೇಂದ್ರನ ಮೇಲೆ ನಡೆದ ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದನು. ಆ ಸುದ್ದಿಯನ್ನು ಕೇಳಿದ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಕೊಟ್ಟ ಊರುಗಳ ಹೆಸರನ್ನು ಒಂದೊಂದಾಗಿ ಕಲ್ಲಿನ ಮೇಲೆ ಬರೆಸಿದನು. ಮುಂದೆ ಯಾರೂ ಅಷ್ಟು ಕೊಟ್ಟಿರಲಿಲ್ಲ, ಇಷ್ಟೇ ಕೊಟ್ಟದ್ದು ಎಂದು ವಾದಿಸಬಾರದಲ್ಲ! ಸತ್ತವನು ಬಂದು ಕೇಳುವುದಿಲ್ಲ. ಸತ್ತವನ ಪರವಾಗಿ ಕಲ್ಲು ಕೇಳುತ್ತದೆ. ಸೇವೆಯಲ್ಲಿರುವಾಗಲೇ ತೀರಿಕೊಂಡ ನೌಕರನ ಮನೆಯವರು ಒಂದು ಕಾಗದಕ್ಕಾಗಿ ಎಷ್ಟು ಬಾಗಿಲುಗಳಿಗೆ ಅಲೆಯಬೇಕಾಗುತ್ತದೆಂಬುದನ್ನು ಬಲ್ಲವರಿಗೆ ಎರೆಯಪ್ಪನ ಈ ಪಟ್ಟಿಯ ಬೆಲೆ ತಿಳಿಯುತ್ತದೆ.

ಇದುವರೆಗೆ ಹೇಳಿದ್ದು ಕತ್ತಿ ಹಿಡಿದವರ ಮಾತಾಯಿತು. ಉಳಿ ಹಿಡಿದವರ ಮಾತು ಇದಕ್ಕಿಂತ ಹಳೆಯದು. ಬಾದಾಮಿಯ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು (ಆಳ್ವಿಕೆ 733-745) ಕಂಚಿಯನ್ನು ಮೂರು ಸಲ ಗೆದ್ದನೆಂದು ಹೆಸರಾದವನು. ಆ ವಿಜಯದ ನೆನಪಿಗೆ ಅವನ ಪಟ್ಟದರಸಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರ ದೇವಾಲಯವನ್ನು ಇಂದು ವಿರೂಪಾಕ್ಷ ದೇವಾಲಯವೆಂದು ಕರೆಯುತ್ತಾರೆ. ನೀವು ಅದನ್ನು ನೋಡಿರಬಹುದು. ಕಟ್ಟಿಸಿದ ರಾಣಿಯ ಹೆಸರು ಅಲ್ಲಿರುವುದು ಸಹಜ. ಕಟ್ಟಿದವನ ಹೆಸರೂ ಅಲ್ಲಿಯೇ, ಅದೇ ದೇವಾಲಯದ ಕಲ್ಲಿನ ಮೇಲೆಯೇ, ಇದೆಯೆಂಬುದನ್ನು ಎಷ್ಟು ಮಂದಿ ಯಾತ್ರಿಕರು ಗಮನಿಸುತ್ತಾರೋ ಕಾಣೆ. ಗುಂಡನೆಂಬುದು ಅವನ ಹೆಸರು. ಅನಿವಾರಿತಾಚಾರಿಯೆಂದು ಅವನನ್ನು ಕರೆಯುತ್ತಿದ್ದರು. ದೇವಾಲಯವನ್ನು ಕಟ್ಟಿದ ಈ ಸೂತ್ರಧಾರನಿಗೆ ಪೆರ್ಜೆರೆಪು ಎಂಬ ಗೌರವದ ಪಟ್ಟವನ್ನೂ ತ್ರಿಭುವನಾಚಾರಿಯೆಂಬ ಬಿರುದನ್ನೂ ಕೊಟ್ಟರೆಂದು ಶಾಸನ ಸಾರುತ್ತದೆ. ಸರ್ವಸಿದ್ಧಿ ಆಚಾರಿಯೆಂಬ ಇನ್ನೊಬ್ಬ ಮಹಾಶಿಲ್ಪಿಯ ಗುಣಗಾನವೂ ಅಲ್ಲಿದೆ. ಅಷ್ಟೇ ಅಲ್ಲದೆ, ಮಾವನಾದ ವಿಜಯಾದಿತ್ಯನು ಹಾಡುಗಾರರಿಗೆ ಮಾಡಿಕೊಟ್ಟಿದ್ದ ಕಟ್ಟಳೆಗಳನ್ನು ಲೋಕಮಹಾದೇವಿಯು ಮತ್ತೆ ಸ್ಥಿರಪಡಿಸಿದಳೆಂಬ ಸಂಗತಿಯೂ ಇದೆ.

ಈ ಕೊನೆಯ ಸಂಗತಿ ಸಣ್ಣದಾಗಿ ಕಂಡರೂ ಆಡಳಿತ ನಡೆಸುವವರು ಗಮನಿಸಬೇಕಾದುದು. ಹಿಂದಿನ ಅಧ್ಯಕ್ಷರು ಕೊಟ್ಟ ಮಾತಿಗೆ ಇಂದಿನ ಅಧ್ಯಕ್ಷರು ಹೊಣೆಯಲ್ಲವೆಂಬ ವಾದವನ್ನು ನಾವು ದಿನವೂ ಕೇಳುತ್ತೇವೆ. ಕಂಚಿಯನ್ನು ಗೆದ್ದ ಅರಸನ ರಾಣಿಗೆ ಹಳೆಯ ಮಾತನ್ನು ಉಳಿಸಿಕೊಳ್ಳುವುದು ಕೀಳೆನಿಸಲಿಲ್ಲ. ಅದನ್ನು ಕಲ್ಲಿಗೇರಿಸಲು ತಕ್ಕ ಕಾರ್ಯವೆಂದೇ ಬಗೆದಳು.

ಇನ್ನು ನಮ್ಮ ಕಟ್ಟಡಗಳ ಶಿಲಾಫಲಕಗಳನ್ನು ನೆನೆಯಿರಿ. ಉದ್ಘಾಟಿಸಿದ ಮಂತ್ರಿಗಳ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ಘನ ಉಪಸ್ಥಿತಿಯಿಂದ ಶೋಭಿಸಿದವರ ಹೆಸರು, ದಾನಿಗಳ ಹೆಸರು. ಗಾರೆಯವನ ಹೆಸರಿರುವ ಒಂದು ಫಲಕವನ್ನು ನೀವು ಕಂಡಿದ್ದರೆ ನೀವು ಭಾಗ್ಯವಂತರು. ಹೊಯ್ಸಳರ ಕಾಲಕ್ಕೆ ಬಂದರೆ ಬೇಲೂರಿನ ಮದನಿಕೆಯರ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೊರೆದುಕೊಂಡಿದ್ದಾರೆ. 1268ರ ಸುಮಾರಿನ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಅವರು ತಾವೇ ಬರೆದುಕೊಂಡರು, ಒಡೆಯರು ತಡೆಯಲಿಲ್ಲ. ತಡೆಯದಿರುವುದೂ ಒಂದು ಮನ್ನಣೆಯೇ. ಆದರೆ ಪಟ್ಟದಕಲ್ಲಿನ ಗುಂಡನಿಗೆ ಸಂದದ್ದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಬರೆಸಿದವರು ಬೇರೆಯವರು.

ಇಷ್ಟನ್ನೆಲ್ಲ ಓದಿ, ಹಿಂದಿನ ಒಡೆಯರೆಲ್ಲ ಆದರ್ಶಪುರುಷರೆಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿರಿ. ಬೂತುಗನು ಗಂಗರ ಸಿಂಹಾಸನಕ್ಕೆ ಬಂದದ್ದು ರಾಚಮಲ್ಲನನ್ನು ಕೊಂದು. ಅದೇ ಆತಕೂರಿನ ಕಲ್ಲು ಆ ಸಂಗತಿಯನ್ನೂ ಮುಚ್ಚಿಡದೆ ಹೇಳುತ್ತದೆ. ಒಡೆಯನ ಪ್ರೀತಿಯೇ ಆಳಿನ ಕೊರಳಿಗೆ ಉರುಳಾದ ಉದಾಹರಣೆಯೂ ನಮ್ಮ ನಾಡಿನಲ್ಲಿಯೇ ಇದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಒಂದು ಕಂಬ ನಿಂತಿದೆ. ಇಮ್ಮಡಿ ಬಲ್ಲಾಳನು ಕುವರ ಲಕ್ಷ್ಮನೆಂಬ ದಂಡನಾಯಕನನ್ನು ಮಗನಂತೆ ಬೆಳೆಸಿ, ತನಗೆ ಸಮಾನವೆಂಬಂತೆ ಮೆರೆಸಿದನು. ಲಕ್ಷ್ಮನ ವಂಶದವರು ಹೊಯ್ಸಳರಿಗೆ ಗರುಡರಾಗಿ, ಅಂದರೆ ಒಡೆಯನೊಡನೆ ಪ್ರಾಣ ಬಿಡುವ ಪ್ರತಿಜ್ಞೆ ತೊಟ್ಟ ಲೆಂಕರಾಗಿ, ತಲೆಮಾರುಗಳಿಂದ ನಡೆದುಕೊಂಡು ಬಂದವರು. 1220ರಲ್ಲಿ ಬಲ್ಲಾಳನ ಕಾಲ ಮುಗಿದಾಗ ಲಕ್ಷ್ಮನೂ, ಅವನ ಮಡದಿ ಸುಗ್ಗಲದೇವಿಯೂ, ಸಾವಿರ ಮಂದಿ ಅನುಚರರೂ ಪ್ರಾಣತ್ಯಾಗ ಮಾಡಿದರೆಂದು ಆ ಕಂಬದ ಶಾಸನ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಚಿತ್ರಗಳು ಕಂಬದ ಮೇಲಿವೆ.

ಇದನ್ನು ಸ್ವಾಮಿಭಕ್ತಿಯ ಪರಾಕಾಷ್ಠೆಯೆಂದು ಕೊಂಡಾಡುವವರಿದ್ದಾರೆ. ಪಠ್ಯಪುಸ್ತಕಗಳಲ್ಲಿಯೂ ಆ ಧಾಟಿಯನ್ನು ಓದಿದ ನೆನಪು. ನನ್ನ ಮನಸ್ಸು ಒಪ್ಪುವುದಿಲ್ಲ. ಒಡೆಯನು ತನ್ನ ಆಳನ್ನು ಗೌರವಿಸುವುದು ಆ ಆಳು ಬದುಕಬೇಕೆಂದು, ಬೆಳೆಯಬೇಕೆಂದು. ತನ್ನ ನೆರಳಿನಲ್ಲಿ ಕರಗಿಹೋಗಲೆಂದು ಅಲ್ಲ. ಸುಗ್ಗಲದೇವಿಗೂ ಆ ಸಾವಿರ ಮಂದಿಗೂ ಬಲ್ಲಾಳನಿಂದ ಬಂದ ಮನ್ನಣೆ ಎಷ್ಟಿತ್ತೋ ಯಾರು ಬಲ್ಲರು? ಸಾವು ಮಾತ್ರ ಸಮನಾಗಿ ಬಂದಿತು.

ಹಳೇಬೀಡಿನ ಆ ಕಂಬಕ್ಕಿಂತ ಅರ್ಧ ಶತಮಾನಕ್ಕೂ ಹಿಂದೆ, ಕಲ್ಯಾಣದಲ್ಲಿ, ಒಡೆಯ ಮತ್ತು ಆಳು ಎಂಬ ಸಂಬಂಧವನ್ನೇ ಬುಡದಿಂದ ಪರೀಕ್ಷಿಸುವ ಕಾರ್ಯ ನಡೆದಿತ್ತು. ಕಾಯಕವೆಂಬ ತತ್ತ್ವವನ್ನು ಈ ಪತ್ರಿಕೆಯ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ ಒಂದು ಅಂಶವನ್ನಷ್ಟೇ ಹೇಳುತ್ತೇನೆ. ಶರಣರ ಹೆಸರುಗಳನ್ನು ಗಮನಿಸಿರಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ, ಕದಿರೆ ರೆಮ್ಮವ್ವೆ. ಮಾಡುವ ಕೆಲಸವು ಹೆಸರಿನ ಮುಂದೆ ಬಂದು ಕುಳಿತಿತು. ಕುಳಿತು ಗೌರವದ ಬಿರುದಾಯಿತು. ಅರಸನು ಮೆಚ್ಚಿ ಕೊಟ್ಟ ತ್ರಿಭುವನಾಚಾರಿಯೆಂಬ ಬಿರುದು ಒಬ್ಬ ಗುಂಡನಿಗೆ ಮಾತ್ರ ಸಂದಿತು. ಇಲ್ಲಿ ಬಟ್ಟೆ ಒಗೆಯುವುದೇ, ದೋಣಿ ನಡೆಸುವುದೇ, ಹಗ್ಗ ಹೊಸೆಯುವುದೇ ಬಿರುದು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಿರುಗಿಸುವಂತೆ ಹೇಳಿದ ಪ್ರಸಂಗ ನಿಮಗೆಲ್ಲ ತಿಳಿದದ್ದೇ. ಅದನ್ನು ಓದುವಾಗಲೆಲ್ಲ ನನಗೆ ಮಣಲೆರನ ನೆನಪಾಗುತ್ತದೆ. ಇಬ್ಬರ ಮಾರ್ಗವೂ ಬೇರೆ, ಕಾಲವೂ ಬೇರೆ. ದುಡಿಯುವವನಿಗೆ ಯಾವಾಗಲೂ ಹೆಚ್ಚು ಹೆಚ್ಚು ಬೇಕೆಂಬ ಒಡೆಯರ ಗೊಣಗಾಟವನ್ನು ಮಾತ್ರ ಇಬ್ಬರೂ ಸುಳ್ಳು ಮಾಡುತ್ತಾರೆ.

ಅಣ್ಣ ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಅವರೂ ಒಬ್ಬ ಒಡೆಯನ ಕೈಕೆಳಗೆ ಇದ್ದವರು. ಅವರ ಕೈಕೆಳಗೂ ಜನರಿದ್ದರು. ಎರಡೂ ಕಡೆಯ ಅನುಭವ ಅವರಿಗಿತ್ತು. ಅವರ ಬಳಿ ಹಡಪವನ್ನು, ಎಂದರೆ ಎಲೆಯಡಿಕೆಯ ಚೀಲವನ್ನು, ಹಿಡಿದು ನಿಲ್ಲುವ ಕೆಲಸ ಅಪ್ಪಣ್ಣನವರದು. ಅರಮನೆಯ ಪದ್ಧತಿಯಲ್ಲಿ ಹಡಪದವನು ಸದಾ ಒಡೆಯನ ಪಕ್ಕದಲ್ಲಿರುತ್ತಾನೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ, ಆದರೆ ಮಾತನಾಡುವುದಿಲ್ಲ. ಅಂಥ ಕೆಲಸದವರ ಹೆಸರು ಯಾವ ಚರಿತ್ರೆಯಲ್ಲಿ ಉಳಿದಿದೆ? ಕಲ್ಯಾಣದಲ್ಲಿ ಹಾಗಾಗಲಿಲ್ಲ. ಹಡಪದ ಅಪ್ಪಣ್ಣನವರು ಮಾತನಾಡಿದರು, ಅನುಭಾವ ಗೋಷ್ಠಿಯಲ್ಲಿ ಸಮಾನರಾಗಿ ಕುಳಿತರು. ಅವರ ಇನ್ನೂರಕ್ಕೂ ಹೆಚ್ಚು ವಚನಗಳು ಇಂದು ನಮಗೆ ದೊರೆತಿವೆ. ಬಸವಣ್ಣನವರು ಅವರಿಗೆ ಯಾವ ಊರನ್ನು ಬರೆದುಕೊಟ್ಟರೆಂದು ಯಾವ ಪುರಾಣವೂ ಹೇಳುವುದಿಲ್ಲ. ಮಾತಿಗೆ ಕಿವಿಗೊಟ್ಟರು, ಮುಖ್ಯವಾದ ಕಾರ್ಯಗಳನ್ನು ನಂಬಿ ಒಪ್ಪಿಸಿದರು.

ಆ ನಂಬಿಕೆಗೆ ಎರಡು ನಿದರ್ಶನಗಳನ್ನು ಪರಂಪರೆ ಉಳಿಸಿಕೊಂಡಿದೆ. ಅಲ್ಲಮಪ್ರಭುಗಳು ಸಿದ್ಧರಾಮಯ್ಯನವರೊಡನೆ ಮಹಾಮನೆಯ ಬಾಗಿಲಿಗೆ ಬಂದು ನಿಂತಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದರು. ಪ್ರಭುವನ್ನು ಬರಮಾಡಿಕೊಳ್ಳಲು ಅವರು ಕಳುಹಿಸಿದ್ದು ಅಪ್ಪಣ್ಣನವರನ್ನು. ಪ್ರಭು ಒಳಗೆ ಬರಲಿಲ್ಲ, ಬಸವಣ್ಣನವರೇ ಎದ್ದು ಬರಬೇಕಾಯಿತು ಎಂಬ ಶೂನ್ಯಸಂಪಾದನೆಯ ಪ್ರಸಂಗವನ್ನು ನೀವು ಪ್ರವಚನಗಳಲ್ಲಿ ಕೇಳಿದ್ದೀರಿ. ಅಪ್ಪಣ್ಣನವರ ಸೋಲೆಂದು ಅದನ್ನು ಯಾರೂ ಎಣಿಸಲಿಲ್ಲವೆಂಬುದನ್ನು ಮಾತ್ರ ಇಲ್ಲಿ ನೆನಪಿಸುತ್ತೇನೆ. ಕಳುಹಿಸಿದ ಕೆಲಸ ಕೈಗೂಡದಿದ್ದಾಗ ಹೋದವನ ಮೇಲೆ ಹರಿಹಾಯುವುದು ನಮ್ಮ ಕಚೇರಿಗಳ ಪದ್ಧತಿ. ಅಲ್ಲಿ ಒಡೆಯರು ತಪ್ಪನ್ನು ತಮ್ಮದೆಂದು ಎತ್ತಿಕೊಂಡು ತಾವೇ ಬಾಗಿಲಿಗೆ ನಡೆದರು.

ಎರಡನೆಯದು ಕಲ್ಯಾಣದ ಕೊನೆಯ ದಿನಗಳದು. ಬಸವಣ್ಣನವರು ಕೂಡಲಸಂಗಮಕ್ಕೆ ಹೋದ ಮೇಲೆ ನೀಲಾಂಬಿಕೆಯನ್ನು ಕರೆತರಲು ಅಪ್ಪಣ್ಣನವರನ್ನೇ ಕಳುಹಿಸಿದರೆಂದು ಪ್ರತೀತಿ. ಊರು ಹೊತ್ತಿ ಉರಿಯುತ್ತಿದ್ದ ಆ ಕಾಲದಲ್ಲಿ ತಮ್ಮ ಮನೆಯವರನ್ನು ಒಪ್ಪಿಸುವುದಕ್ಕೆ ಅವರಿಗೆ ನೆನಪಾದದ್ದು ದಂಡನಾಯಕರಲ್ಲ, ಹಡಪ ಹಿಡಿದವರು. ಇಬ್ಬರೂ ಕೃಷ್ಣಾ ತೀರದ ತಂಗಡಗಿಯವರೆಗೆ ಬಂದರು. ನೀಲಾಂಬಿಕೆಯ ಪಯಣ ಅಲ್ಲಿಗೇ ಮುಗಿಯಿತು. ಮುದ್ದೇಬಿಹಾಳ ತಾಲ್ಲೂಕಿನ ಆ ಊರಿನಲ್ಲಿ ಇಂದಿಗೂ ತಾಯಿಯ ಸನ್ನಿಧಿಯೊಡನೆ ಅಪ್ಪಣ್ಣನವರ ನೆನಪೂ ಪೂಜೆಗೊಳ್ಳುತ್ತಿದೆ.

ಅಪ್ಪಣ್ಣನವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿ. ನೂರಕ್ಕೂ ಹೆಚ್ಚು ವಚನಗಳನ್ನು ರಚಿಸಿದ ತಾಯಿ ಅವರು. ಅಪ್ಪಣ್ಣನವರು ತಮ್ಮ ವಚನಗಳ ಅಂಕಿತದಲ್ಲಿ ಬಸವಣ್ಣನವರ ಹೆಸರನ್ನು ಇರಿಸಿಕೊಂಡರು: ಬಸವಪ್ರಿಯ ಕೂಡಲಚೆನ್ನಬಸವಣ್ಣ. ಲಿಂಗಮ್ಮನವರು ಆರಿಸಿಕೊಂಡ ಅಂಕಿತ ಅಪ್ಪಣ್ಣಪ್ರಿಯ ಚೆನ್ನಬಸವಣ್ಣ. ಎಲೆಯಡಿಕೆಯ ಚೀಲ ಹಿಡಿದು ನಿಂತಿದ್ದವರ ಹೆಸರು ಹೀಗೆ ಅವರ ಮಡದಿಯ ಪ್ರತಿಯೊಂದು ವಚನದ ಕೊನೆಯಲ್ಲಿಯೂ ನಿಂತಿದೆ.